ಮನೆ ಬಾಗಿಲಿಗೆ ಬರುವವರನ್ನು ಏನು ಕೇಳೋಣ?

ಕಳೆದ ತಿಂಗಳು ನಮ್ಮ ಬೀದಿಗೆ ಒಬ್ಬರು ಬಂದಿದ್ದರು. ಬಿಳಿ ಅಂಗಿ, ಹಿಂದೆ ಆರೇಳು ಹುಡುಗರು, ಒಬ್ಬನ ಕೈಯಲ್ಲಿ ಅವರ ಫೋಟೋ ಇರುವ ಕ್ಯಾಲೆಂಡರುಗಳ ಕಟ್ಟು. ಪಾಲಿಕೆ ಚುನಾವಣೆಗೆ ಇನ್ನೂ ಟಿಕೆಟ್ ಸಿಕ್ಕಿಲ್ಲ, ಸಿಗುತ್ತದೆ ಎಂಬ ನಂಬಿಕೆ ಇದೆಯಂತೆ. ಅಬ್ಬಾ ಬಾಗಿಲು ತೆರೆದ ಕೂಡಲೇ ಅವರು ಕೇಳಿದ್ದು, "ನಿಮ್ಮನೇಲಿ ಎಷ್ಟು ಓಟಿದೆ ಸಾರ್?" ಅಬ್ಬಾ "ನಾಲ್ಕು" ಅಂದರು. ಆಮೇಲೆ ನನ್ನ ಕಡೆ ನೋಡಿ, "ಇವಳದೂ ಸೇರಿದರೆ ಐದು" ಅಂದರು. "ಏನು ಸಮಸ್ಯೆ ಇದ್ರೂ ಹೇಳಿ, ಮಾಡಿಸಿಕೊಡೋಣ" ಎಂದು ಅವರು ಕೈ ಮುಗಿದರು. ನನಗೆ ಏನೋ ಹೇಳಬೇಕು ಅನ್ನಿಸಿತು, ಆದರೆ ಆ ಹೊತ್ತಿಗೆ ಏನೂ ಹೊಳೆಯಲಿಲ್ಲ. ಒಳಗಿನಿಂದ ಅಮ್ಮಿ, "ಕಸದ ಗಾಡಿ ಎರಡು ದಿನದಿಂದ ಬಂದಿಲ್ಲ" ಅಂದರು. ಅವರು ಒಬ್ಬ ಹುಡುಗನ ಕಡೆ ತಿರುಗಿ "ಬರ್ಕೊಳ್ಳೋ" ಅಂದರು. ಅವನ ಹತ್ತಿರ ಪೆನ್ನೇ ಇರಲಿಲ್ಲ.

ಆ ದಿನದ ನಂತರ ನಾನು ರಾಜ್ಯಶಾಸ್ತ್ರದ ನೋಟ್ಸನ್ನೂ ಹಳೆಯ ಪತ್ರಿಕೆಗಳನ್ನೂ ತಿರುವಿ ಹಾಕಿದೆ. ಓಟು ಕೇಳಲು ಬರುವವರನ್ನು ನಮ್ಮ ಸುತ್ತಲಿನ ನೀರು, ಕಸ, ಮರಗಳ ಬಗ್ಗೆ ಏನು ಕೇಳಬೇಕು, ಯಾವುದನ್ನು ಕೇಳಿ ಪ್ರಯೋಜನವಿಲ್ಲ ಎಂಬುದನ್ನು ತಿಳಿದುಕೊಂಡಷ್ಟು ಇಲ್ಲಿ ಬರೆದಿದ್ದೇನೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಿಂದ ಕಾಲೇಜಿಗೆ ಬರುವ ನಮ್ಮೆಲ್ಲರಿಗೂ ಇದು ಮನೆ ಹತ್ತಿರದ ವಿಷಯ.

ಬಿಬಿಎಂಪಿಗೆ ಕೊನೆಯ ಬಾರಿ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಈಗ ಎರಡನೇ ಪಿಯುಸಿಯಲ್ಲಿರುವ ನಾವು ಆಗ ಒಂದನೆಯದೋ ಎರಡನೆಯದೋ ಕ್ಲಾಸು. ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಗ ನಾವು ಮೊಬೈಲ್ ಮುಂದೆ ಕೂತು ಆನ್‌ಲೈನ್ ಕ್ಲಾಸು ಕೇಳುತ್ತಿದ್ದೆವು. ಅಲ್ಲಿಂದ ಮುಂದೆ ಐದು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನಲ್ಲಿ ಕಾರ್ಪೊರೇಟರ್ ಎಂಬ ಮನುಷ್ಯನೇ ಇರಲಿಲ್ಲ. ವಾರ್ಡುಗಳನ್ನು 198ರಿಂದ 243 ಮಾಡಿದರು, ಆಮೇಲೆ 225 ಅಂದರು. 2025ರ ಮೇ ತಿಂಗಳಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದು, ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು. ಐದರಲ್ಲಿ ಸೇರಿ ಈಗ 369 ವಾರ್ಡುಗಳು, ದಕ್ಷಿಣ ನಗರ ಪಾಲಿಕೆಯದ್ದು 72. ನಮ್ಮಲ್ಲಿ ಬಹಳಷ್ಟು ಜನ ಈ ದಕ್ಷಿಣ ಪಾಲಿಕೆಗೆ ಸೇರುತ್ತೇವೆ. ಆದರೂ ನಿಮ್ಮ ಮನೆ ಯಾವ ಪಾಲಿಕೆ, ಯಾವ ವಾರ್ಡು ಎಂದು ಒಮ್ಮೆ ನೋಡಿಕೊಳ್ಳಿ. ಹಳೆಯ ವಾರ್ಡಿನ ಹೆಸರು ಹೇಳಿದರೆ ಈಗ ಲೆಕ್ಕಕ್ಕೆ ಬರುವುದಿಲ್ಲ.

ಇದರಲ್ಲಿ ನಮಗೆ ಅನುಕೂಲವಾದ ಒಂದು ಅಂಶವಿದೆ. 2011ರ ಜನಗಣತಿಯಲ್ಲಿ ಪಾಲಿಕೆಯ ಜನಸಂಖ್ಯೆ ಸುಮಾರು 84 ಲಕ್ಷ. 198 ವಾರ್ಡು ಇದ್ದಾಗ ಒಂದು ವಾರ್ಡಿಗೆ ಸರಾಸರಿ 42 ಸಾವಿರಕ್ಕೂ ಹೆಚ್ಚು ಜನ. ಅದೇ ಲೆಕ್ಕವನ್ನು 369ರಿಂದ ಭಾಗಿಸಿದರೆ 23 ಸಾವಿರದ ಆಸುಪಾಸು. ವಾರ್ಡು ಚಿಕ್ಕದಾದಷ್ಟೂ ಒಂದು ಬೀದಿಯ ಓಟಿಗೆ ಬೆಲೆ ಹೆಚ್ಚು. ಮನೆ ಬಾಗಿಲಿಗೆ ಬಂದು ಎಷ್ಟು ಓಟಿದೆ ಎಂದು ಎಣಿಸುವುದು ಅದಕ್ಕೇ ಇರಬೇಕು.

ಕಾರ್ಪೊರೇಟರ್ ಕೈಯಲ್ಲಿ ಏನಿದೆ? ಸಂವಿಧಾನದ 74ನೇ ತಿದ್ದುಪಡಿ ನಗರ ಸಂಸ್ಥೆಗಳಿಗೆ 12ನೇ ಅನುಸೂಚಿಯಲ್ಲಿ 18 ವಿಷಯಗಳನ್ನು ಪಟ್ಟಿ ಮಾಡಿದೆ. ಪರೀಕ್ಷೆಗೆ ಬಾಯಿಪಾಠ ಮಾಡುವಾಗ ನಾನು ಇದನ್ನು ಗಮನಿಸಿರಲಿಲ್ಲ: 5ನೆಯದು ನೀರು ಪೂರೈಕೆ, 6ನೆಯದು ನೈರ್ಮಲ್ಯ ಮತ್ತು ಕಸ, 8ನೆಯದು ನಗರದ ಮರಗಳು ಮತ್ತು ಪರಿಸರ ರಕ್ಷಣೆ, 12ನೆಯದು ಉದ್ಯಾನ, ಆಟದ ಮೈದಾನ. ಕಾಗದದ ಮೇಲೆ ಎಲ್ಲವೂ ಪಾಲಿಕೆಯದೇ. ಬೆಂಗಳೂರಿನಲ್ಲಿ ಮಾತ್ರ ಅದು ಹಂಚಿಹೋಗಿದೆ. ಕುಡಿಯುವ ನೀರು, ಒಳಚರಂಡಿ ಎರಡೂ 1964ರಿಂದ ಜಲಮಂಡಳಿಯ ಕೈಯಲ್ಲಿವೆ. ಕಸಕ್ಕೆ ಬೇರೆ ಕಂಪನಿ. ತಂತಿಗೆ ತಾಗುವ ಕೊಂಬೆ ಕಡಿಯುವವರು ಬೆಸ್ಕಾಂನವರು. ಕೈಗಾರಿಕೆಯ ಕೊಳಚೆಗೆ ಮಾಲಿನ್ಯ ನಿಯಂತ್ರಣ ಮಂಡಳಿ. ಮೆಟ್ರೊ, ಸುರಂಗ ರಸ್ತೆಗಳಂಥ ದೊಡ್ಡ ಯೋಜನೆಗಳು ಸರ್ಕಾರದ ಮಟ್ಟದಲ್ಲೇ ತೀರ್ಮಾನವಾಗುತ್ತವೆ.

ಹಾಗಾಗಿ "ಗೆದ್ದರೆ ಬೆಳ್ಳಂದೂರು ಕೆರೆಯನ್ನು ಶುದ್ಧ ಮಾಡಿಸುತ್ತೇನೆ", "ಕಾವೇರಿ ನೀರು ದಿನವೂ ಬಿಡಿಸುತ್ತೇನೆ" ಎಂದು ಯಾರಾದರೂ ಹೇಳಿದರೆ ನಾನಂತೂ ಅದನ್ನು ಬರೆದುಕೊಳ್ಳುವುದಿಲ್ಲ. ಅಷ್ಟು ಅಧಿಕಾರ ಅವರಿಗಿಲ್ಲ. ಕಾರ್ಪೊರೇಟರ್ ಎಂಬವರು ದಿನವೂ ನಮ್ಮ ಬೀದಿಯಲ್ಲಿ ಓಡಾಡುವ, ವಾರ್ಡಿನ ಕಾಮಗಾರಿ ಪಟ್ಟಿ ಮಾಡಿಸುವ, ಇಂಜಿನಿಯರನ್ನು ಜಾಗಕ್ಕೆ ಕರೆಸುವ, ಬಿಲ್ಲಿಗೆ ಮುಂಚೆ ಕೆಲಸ ಆಗಿದೆಯೋ ಇಲ್ಲವೋ ಎಂದು ಕಣ್ಣಿಂದ ನೋಡುವ ವ್ಯಕ್ತಿ. ಆದ್ದರಿಂದ ಅವರನ್ನು ಕೇಳುವ ಪ್ರಶ್ನೆಯೂ ಬೀದಿಯ ಅಳತೆಯದ್ದೇ ಆಗಿರಬೇಕು. ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಮೋರಿ.

2025ರ ಮೇ 18ರ ರಾತ್ರಿ ಸುರಿದ ಮಳೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಿರಬೇಕು. ಬೆಳಗಾಗುವಷ್ಟರಲ್ಲಿ ನಗರದಲ್ಲಿ ಸುಮಾರು 10 ಸೆಂಟಿಮೀಟರ್ ಮಳೆಯಾಗಿತ್ತು. ಮರುದಿನ ಬಿಟಿಎಂ ಬಡಾವಣೆ 2ನೇ ಹಂತದ ಎನ್.ಎಸ್. ಪಾಳ್ಯದ ಒಂದು ಅಪಾರ್ಟ್‌ಮೆಂಟಿನಲ್ಲಿ, ನೆಲಮಾಳಿಗೆಗೆ ನುಗ್ಗಿದ್ದ ನೀರನ್ನು ಮೋಟಾರು ಇಟ್ಟು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು. ಒಬ್ಬರು 63 ವರ್ಷದ ಹಿರಿಯರು. ಇನ್ನೊಬ್ಬ 12 ವರ್ಷದ ಹುಡುಗ. ನಾನು ಟ್ಯೂಷನ್‌ಗೆ ಹೋಗುವ ದಾರಿ ಅದು. ಮೋರಿಯ ವಿಷಯವನ್ನು ಚಿಲ್ಲರೆ ವಿಷಯ ಎಂದು ಯಾರಾದರೂ ಅಂದರೆ ನನಗೆ ಆ ಹುಡುಗನ ವಯಸ್ಸು ನೆನಪಾಗುತ್ತದೆ. ನನ್ನ ತಮ್ಮನಿಗೂ ಅಷ್ಟೇ.

10 ಸೆಂಟಿಮೀಟರ್ ಮಳೆ ಎಂದರೆ ಎಷ್ಟು ನೀರು? 30×40 ಅಡಿಯ ಒಂದು ನಿವೇಶನವನ್ನು ತೆಗೆದುಕೊಳ್ಳಿ. ಅದು ಸುಮಾರು 111 ಚದರ ಮೀಟರ್. ಅದರ ಮೇಲೆ 10 ಸೆಂಟಿಮೀಟರ್ ಮಳೆ ಬಿದ್ದರೆ 11 ಸಾವಿರ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ಟ್ಯಾಂಕರ್. ಐವತ್ತು ಮನೆಯ ಒಂದು ಬೀದಿಯ ಚಾವಣಿಗಳಿಂದಲೇ ಐದೂವರೆ ಲಕ್ಷ ಲೀಟರ್. ಮೊದಲು ಅಂಗಳ, ತೋಟ, ಖಾಲಿ ಸೈಟು ಅಂತ ಒಂದಷ್ಟು ನೀರು ಮಣ್ಣಿಗೆ ಇಳಿಯುತ್ತಿತ್ತು. ಈಗ ಗೇಟಿನಿಂದ ಹಿತ್ತಿಲ ಗೋಡೆಯವರೆಗೆ ಟೈಲ್ಸ್. ರಸ್ತೆಗೆ ಕಾಂಕ್ರೀಟು. ಐದೂವರೆ ಲಕ್ಷ ಲೀಟರ್ ಒಂದೆರಡು ಗಂಟೆಯಲ್ಲಿ ಒಂದೂವರೆ ಅಡಿ ಅಗಲದ ಮೋರಿಗೆ ಬಂದು ಬೀಳುತ್ತದೆ. ಆ ಮೋರಿಯಲ್ಲಿ ಅರ್ಧ ಹೂಳು, ಇನ್ನರ್ಧದಲ್ಲಿ ಕೇಬಲ್ಲು.

ನಮ್ಮ ಕಡೆಯ ನೆಲದ ಸ್ವಭಾವವೂ ತಿಳಿದಿರಬೇಕು. ಲಾಲ್‌ಬಾಗಿನ ಬಂಡೆ, ಬ್ಯೂಗಲ್ ರಾಕ್, ರಾಗಿಗುಡ್ಡ, ಇವೆಲ್ಲ ದಕ್ಷಿಣ ಬೆಂಗಳೂರಿನ ಎತ್ತರದ ಜಾಗಗಳು. ಬೆಂಗಳೂರು ಒಂದು ದಿಣ್ಣೆಯ ಮೇಲೆ ಕೂತಿರುವ ಊರು. ಬಸವನಗುಡಿ ಕಡೆಯಿಂದ ಪಶ್ಚಿಮಕ್ಕೆ ಇಳಿಯುವ ನೀರು ವೃಷಭಾವತಿ ಸೇರಿ, ಬಿಡದಿ ಹತ್ತಿರದ ಬೈರಮಂಗಲ ಕೆರೆ ದಾಟಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಬಿಟಿಎಂ, ಮಡಿವಾಳದ ಕಡೆ ಇಳಿಯುವ ನೀರು ಮಡಿವಾಳ ಕೆರೆ, ಅಗರ ಕೆರೆ, ಬೆಳ್ಳಂದೂರು, ವರ್ತೂರು ಕೆರೆ ಎಂದು ಸರಪಳಿಯಂತೆ ಹರಿದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಒಂದು ಕೆರೆ ತುಂಬಿದರೆ ಕೋಡಿ ಹರಿದು ಮುಂದಿನ ಕೆರೆಗೆ. ನಡುವೆ ನೀರು ಹೋಗುವ ದಾರಿಯೇ ರಾಜಕಾಲುವೆ. ಈ ದಾರಿಯನ್ನು ಯಾವ ಇಂಜಿನಿಯರೂ ಕಂಪ್ಯೂಟರಿನಲ್ಲಿ ಬರೆದದ್ದಲ್ಲ. ಇಳಿಜಾರು ನೋಡಿ ಹಿಂದಿನವರು ಕಟ್ಟಿಕೊಂಡದ್ದು. ಏರಿ, ತೂಬು, ಕೋಡಿ ನೋಡಿಕೊಳ್ಳಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ.

ನಮ್ಮ ಬಡಾವಣೆಗಳ ಹೆಸರುಗಳನ್ನೇ ನೋಡಿ. ಪುಟ್ಟೇನಹಳ್ಳಿ, ಸಾರಕ್ಕಿ, ಯಡಿಯೂರು, ಮಡಿವಾಳ, ಪ್ರತಿಯೊಂದು ಹೆಸರಿನ ಮುಂದೆಯೂ ಕೆರೆ ಎಂದು ಸೇರಿಸಬಹುದು. ತಾವರೆಕೆರೆ, ಅರಕೆರೆಗಳ ಹೆಸರಿನಲ್ಲೇ ಕೆರೆ ಇದೆ. ಬೈರಸಂದ್ರದ 'ಸಂದ್ರ' ಎಂಬುದು 'ಸಮುದ್ರ'ದಿಂದ ಬಂದದ್ದು ಎನ್ನುತ್ತಾರೆ. ಹಳಬರು ದೊಡ್ಡ ಕೆರೆಯನ್ನು ಪ್ರೀತಿಯಿಂದ ಸಮುದ್ರ ಎಂದೇ ಕರೆಯುತ್ತಿದ್ದರಂತೆ.

ಈಗ ರಾಜಕಾಲುವೆಗಳ ಸ್ಥಿತಿ. ಮಹಾಲೇಖಪಾಲರು ಬೆಂಗಳೂರಿನ ಮಳೆನೀರು ಕಾಲುವೆಗಳ ಬಗ್ಗೆ ಮಾಡಿದ ಲೆಕ್ಕಪರಿಶೋಧನೆಯ ವರದಿ 2021ರಲ್ಲಿ ಹೊರಬಂತು. 1900ರ ದಶಕದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿ.ಮೀ. ಇದ್ದ ಕಾಲುವೆ 2016–17ರ ಹೊತ್ತಿಗೆ ಸುಮಾರು 63 ಕಿ.ಮೀ.ಗೆ ಇಳಿದಿತ್ತು. ವೃಷಭಾವತಿ ಕಣಿವೆಯಲ್ಲಿ 226 ಕಿ.ಮೀ. ಇದ್ದದ್ದು ಸುಮಾರು 112 ಕಿ.ಮೀ. ನಮ್ಮ ಮನೆಗಳ ನೀರು ಹರಿದುಹೋಗುವುದು ಈ ಎರಡು ಕಣಿವೆಗಳಿಗೇ. ಅರ್ಧ ದಾರಿ ಮುಚ್ಚಿಹೋಗಿದೆ, ಆದರೆ ನೀರು ಮೊದಲಿಗಿಂತ ಹೆಚ್ಚು ಬರುತ್ತಿದೆ.

ಒತ್ತುವರಿ ತೆರವು ಎಂದ ಕೂಡಲೇ ಬುಲ್ಡೋಜರ್ ಎಂದು ಚಪ್ಪಾಳೆ ತಟ್ಟುವವರಿದ್ದಾರೆ. ನನಗೆ ಅಷ್ಟು ಸುಲಭ ಅನ್ನಿಸುವುದಿಲ್ಲ. 2015ರ ಏಪ್ರಿಲ್‌ನಲ್ಲಿ ಜೆ.ಪಿ. ನಗರದ ಸಾರಕ್ಕಿ ಕೆರೆಯ ಒತ್ತುವರಿ ತೆರವು ಮಾಡಿದಾಗ ಎಷ್ಟೋ ಕುಟುಂಬಗಳ ಮನೆ ಕಣ್ಣೆದುರೇ ನೆಲಸಮವಾಯಿತು. ಸಾಲ ಮಾಡಿ ಸೈಟು ಕೊಂಡವರು ಬೀದಿಗೆ ಬಂದರು. ಕೆರೆಯ ಅಂಗಳವನ್ನು ಸೈಟು ಮಾಡಿ ಮಾರಿದವರ ಮನೆ ಆ ಬುಲ್ಡೋಜರಿನ ದಾರಿಯಲ್ಲಿ ಇರಲಿಲ್ಲ. ಕೆರೆ ಉಳಿಯಿತು, ಅದು ಒಳ್ಳೆಯದೇ. ಆದರೆ ಆ ಜಾಗ ಮಾರಾಟವಾಗುವಾಗ, ನೋಂದಣಿಯಾಗುವಾಗ, ಕರೆಂಟು-ನೀರು ಸಿಗುವಾಗ ತಡೆಯಬೇಕಾದವರು ಎಲ್ಲಿದ್ದರು? ಅಭ್ಯರ್ಥಿಯನ್ನು ಕೇಳಬೇಕಾದದ್ದು ಇಲ್ಲಿಯೇ: ನಮ್ಮ ವಾರ್ಡಿನಲ್ಲಿ ಹಾದುಹೋಗುವ ರಾಜಕಾಲುವೆಯ ನಕ್ಷೆಯನ್ನು ವಾರ್ಡ್ ಕಚೇರಿಯ ಗೋಡೆಗೆ ಹಾಕಿಸುತ್ತೀರಾ? ಸೈಟು ಕೊಳ್ಳಲು ಹೊರಟ ಒಬ್ಬ ಆಟೋ ಚಾಲಕ ಬಂದು ನೋಡಿದರೆ, ಇಲ್ಲಿ ಕಾಲುವೆ, ಇಷ್ಟು ಮೀಟರ್ ಬಿಡಬೇಕು ಎಂದು ಅವನಿಗೆ ಗೊತ್ತಾಗುವಂತಿರಬೇಕು. 2019ರಲ್ಲಿ ಸುಪ್ರೀಂ ಕೋರ್ಟ್ ಹಸಿರು ನ್ಯಾಯಮಂಡಳಿಯ ಹೆಚ್ಚಿನ ಅಳತೆಯನ್ನು ರದ್ದು ಮಾಡಿತು. ಆಗ ಉಳಿದದ್ದು ನಗರದ ಮಾಸ್ಟರ್ ಪ್ಲಾನಿನಲ್ಲಿದ್ದ ಅಳತೆ, ಕೆರೆಗೆ 30 ಮೀಟರ್, ಕಾಲುವೆಯ ಗಾತ್ರಕ್ಕೆ ತಕ್ಕಂತೆ 50, 25, 15 ಮೀಟರ್. ನಿಯಮ ಆಮೇಲೆ ಏನೇ ಬದಲಾದರೂ ಅದು ಗೋಡೆಯ ಮೇಲೆ, ಕನ್ನಡದಲ್ಲಿ ಇರಬೇಕು.

ಇನ್ನು ಹೂಳು. ಪ್ರತಿ ವರ್ಷ ಹೂಳೆತ್ತುತ್ತಾರೆ. ಎತ್ತಿದ ಹೂಳನ್ನು ಮೋರಿಯ ಪಕ್ಕದಲ್ಲೇ ರಾಶಿ ಹಾಕಿ ಹೋಗುತ್ತಾರೆ. ಮೊದಲ ಮಳೆಗೆ ಅದು ಮತ್ತೆ ಒಳಗೆ ಇಳಿಯುತ್ತದೆ. ನಮ್ಮ ಬೀದಿಯಲ್ಲಿ ಇದನ್ನು ಮೂರು ವರ್ಷದಿಂದ ನೋಡುತ್ತಿದ್ದೇನೆ. ಚಪ್ಪಡಿ ತೆಗೆದು ಹಾಗೇ ಬಿಟ್ಟ ಜಾಗದಲ್ಲಿ ನನ್ನ ನಾನಿ ಒಮ್ಮೆ ಕಾಲು ಜಾರಿ ಬಿದ್ದು, ಆರು ವಾರ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಹಾಗಾಗಿ "ಹೂಳೆತ್ತಿಸುತ್ತೇನೆ" ಎಂಬ ಉತ್ತರ ಸಾಲದು. ಮೇ ತಿಂಗಳಿಗೆ ಮುಂಚೆ ಎತ್ತಿಸುತ್ತೀರಾ, ಎತ್ತಿದ್ದು ಎಷ್ಟು ದಿನದಲ್ಲಿ ಲಾರಿ ಹತ್ತುತ್ತದೆ, ಚಪ್ಪಡಿ ಯಾವಾಗ ಮುಚ್ಚುತ್ತದೆ, ಮಳೆನೀರಿನ ಮೋರಿಗೆ ಯಾವ ಮನೆಗಳ ಶೌಚದ ಪೈಪು ಸೇರಿದೆ ಎಂಬ ಲೆಕ್ಕ ಇದೆಯೇ? ಕೊನೆಯ ಪ್ರಶ್ನೆಗೆ ಜಲಮಂಡಳಿಯವರೂ ಬೇಕಾಗುತ್ತದೆ. ಇಬ್ಬರನ್ನೂ ಒಂದೇ ದಿನ ಒಂದೇ ಮೋರಿಯ ಮುಂದೆ ನಿಲ್ಲಿಸುವುದು ಕಾರ್ಪೊರೇಟರಿಂದ ಆಗುವ ಕೆಲಸ. ಅವರಿಂದ ಮಾತ್ರ ಆಗುವ ಕೆಲಸ ಎಂದೂ ಹೇಳಬಹುದು.

ಕೆರೆ ಇರುವ ವಾರ್ಡಿನವರಿಗೆ ಇನ್ನೊಂದು ಮಾತು. 2019ರ ನವೆಂಬರ್ 24ರಂದು ಬನ್ನೇರುಘಟ್ಟ ರಸ್ತೆಯ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಮಳೆಯೂ ಇಲ್ಲದ ಒಂದು ಭಾನುವಾರ. ಕೆರೆ ಎಂದರೆ ವಾಕಿಂಗ್ ಟ್ರ್ಯಾಕ್, ದೀಪ, ಬೆಂಚು ಎಂದು ಮಾತ್ರ ಯೋಚಿಸುವ ಅಭ್ಯರ್ಥಿಗೆ ಏರಿ, ಕೋಡಿಗಳ ಬಗ್ಗೆ ಕೇಳಿ ನೋಡಿ. ಒಳ್ಳೆಯ ಉದಾಹರಣೆಯೂ ನಮ್ಮ ಹತ್ತಿರವೇ ಇದೆ. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಒಣಗಿ ಕಸದ ಗುಂಡಿಯಾಗಿತ್ತು. 2010ರಲ್ಲಿ ಅಕ್ಕಪಕ್ಕದವರು ಒಂದು ಟ್ರಸ್ಟ್ ಮಾಡಿಕೊಂಡು, ಮರುವರ್ಷ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ನೋಡಿಕೊಳ್ಳತೊಡಗಿದರು. ಹತ್ತಿರದ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಶುದ್ಧೀಕರಿಸಿದ ನೀರನ್ನು ಕೆರೆಗೆ ಹರಿಸಿದ ಮೇಲೆ ಬೇಸಗೆಯಲ್ಲೂ ನೀರು ನಿಲ್ಲತೊಡಗಿತು. ಈಗ ಅಲ್ಲಿ ಹಕ್ಕಿ ನೋಡಲು ಜನ ಬರುತ್ತಾರೆ.

ಎರಡನೆಯದು ಕಸ. 2012ರಲ್ಲಿ ಯಲಹಂಕದಾಚೆಯ ಮಾವಳ್ಳಿಪುರದ ಜನ "ನಿಮ್ಮ ಕಸ ನಮಗೆ ಬೇಡ" ಎಂದು ಲಾರಿಗಳನ್ನು ತಡೆದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ಗುಡ್ಡೆಗುಡ್ಡೆಯಾಗಿ ಬಿತ್ತು. ಆಮೇಲೆ ಮಂಡೂರಿಗೆ ಸುರಿದರು. ಅಲ್ಲಿಯ ಜನವೂ 2014ರಲ್ಲಿ ರಸ್ತೆಗಿಳಿದರು. ನಾವು ಬಾಗಿಲಾಚೆ ಇಟ್ಟ ಕಸ ಯಾರದೋ ಊರಿನ ಬಾವಿಗೆ ಇಳಿಯುತ್ತದೆ ಎಂದು ನಗರಕ್ಕೆ ಅರ್ಥವಾದದ್ದು ಆಗಲೇ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಡಬ್ಬ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿರು ಡಬ್ಬಕ್ಕೆ ಹಸಿ ಕಸ, ಕೆಂಪು ಡಬ್ಬಕ್ಕೆ ಡಯಾಪರ್, ಪ್ಯಾಡ್, ಬ್ಯಾಂಡೇಜು, ಚೀಲಕ್ಕೆ ಒಣ ಕಸ.

ಹತ್ತು ವರ್ಷವಾಯಿತು. ನಮ್ಮ ಮನೆಯಲ್ಲಿ ಅಮ್ಮಿ ಬೇರೆ ಬೇರೆ ಮಾಡಿಯೇ ಕೊಡುತ್ತಾರೆ. ಕಸದ ಆಟೋದಲ್ಲಿ ಎರಡೂ ಒಂದೇ ಕಡೆ ಬೀಳುವುದನ್ನು ನೋಡಿ ಎಷ್ಟೋ ಸಲ ಬೈದಿದ್ದಾರೆ. ಒಮ್ಮೆ ಗಾಡಿಯ ಅಣ್ಣನನ್ನು ಕೇಳಿದೆ. "ಈ ಬೀಟಲ್ಲಿ ಅರ್ಧ ಮನೆಯವರು ಒಟ್ಟಿಗೇ ಕೊಡ್ತಾರಮ್ಮ, ನಾನೊಬ್ಬ ಎಷ್ಟು ಬೇರೆ ಮಾಡ್ಲಿ?" ಅಂದರು. ಅವರ ಕೈಗೆ ಗ್ಲೌಸ್ ಇರಲಿಲ್ಲ. ತಿಲಕ್‌ನಗರ, ಗುರಪ್ಪನಪಾಳ್ಯದಂಥ ಕಡೆ ಸಂದಿಗಳಿಗೆ ಆಟೋ ನುಗ್ಗುವುದೇ ಇಲ್ಲ. ಗಾಡಿ ಮುಖ್ಯರಸ್ತೆಯಲ್ಲಿ ನಿಂತು ಹಾರ್ನ್ ಹಾಕುತ್ತದೆ. ಕೆಲಸಕ್ಕೆ ಬೆಳಿಗ್ಗೆ ಆರಕ್ಕೇ ಹೋಗುವವರ ಮನೆಯ ಕಸ ರಾತ್ರಿ ಮೂಲೆಯ ಟ್ರಾನ್ಸ್‌ಫಾರ್ಮರ್ ಕೆಳಗೆ ಬೀಳುತ್ತದೆ. ಅಲ್ಲಿಂದ ನಾಯಿ, ಹೆಗ್ಗಣ, ಕೊನೆಗೆ ಬೆಂಕಿ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಆ ಹೊಗೆ ಏನೆಂದು ಗೊತ್ತು. ಇಂಥ ಜಾಗಗಳಲ್ಲಿ ಸಿಸಿಟಿವಿ ಹಾಕಿಸುತ್ತೇನೆ, ದಂಡ ಹಾಕಿಸುತ್ತೇನೆ ಎನ್ನುವ ಅಭ್ಯರ್ಥಿಗಿಂತ, ಸಂದಿಗೆ ತಳ್ಳುಗಾಡಿ ಕಳಿಸಿ ಸಂಜೆಯೂ ಒಮ್ಮೆ ಕಸ ಎತ್ತಿಸುತ್ತೇನೆ ಎನ್ನುವವರನ್ನು ನಾನು ನಂಬುತ್ತೇನೆ.

ಕೇಳಬೇಕಾದ ಇನ್ನೂ ಕೆಲವು ಇವೆ. ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರ ಎಲ್ಲಿದೆ, ಅದನ್ನು ನಡೆಸುವವರು ಯಾರು? ಕಸ ಆಯುವವರನ್ನು ಕೆಲಸಗಾರರೆಂದು ಒಪ್ಪಿ 2011ರಲ್ಲೇ ಪಾಲಿಕೆಯ ಗುರುತಿನ ಚೀಟಿ ಕೊಟ್ಟ ಊರು ಇದು. ಎಷ್ಟೋ ಕೇಂದ್ರಗಳನ್ನು ಅವರೇ ನಡೆಸುತ್ತಾರೆ. ಹೊಸ ಟೆಂಡರಿನಲ್ಲಿ ಅವರನ್ನು ಹೊರಗೆ ಹಾಕುತ್ತೀರಾ, ಉಳಿಸಿಕೊಳ್ಳುತ್ತೀರಾ? ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವವರು ಅದನ್ನು ತಾವೇ ನಿರ್ವಹಿಸಬೇಕು ಎಂದು 2016ರ ನಿಯಮಗಳು ಹೇಳಿದವು. ನಮ್ಮ ಕಡೆಯ ಶಾದಿಮಹಲ್‌ಗಳು, ಕಲ್ಯಾಣ ಮಂಟಪಗಳು ಒಂದೇ ಮದುವೆಗೆ ಅದನ್ನು ದಾಟುತ್ತವೆ. ಬಿರಿಯಾನಿಯ ತಟ್ಟೆ, ನೀರಿನ ಪುಟ್ಟ ಬಾಟಲಿಗಳ ರಾಶಿ ಮರುದಿನ ಯಾರ ಮೋರಿಯಲ್ಲಿ ಇರುತ್ತದೆ ಎಂದು ನಮಗೂ ಗೊತ್ತು.

ಹಬ್ಬಗಳ ಮಾತನ್ನು ಬಿಟ್ಟರೆ ಪ್ರಾಮಾಣಿಕವಾಗುವುದಿಲ್ಲ. ಬಕ್ರೀದ್‌ನ ಮೂರು ದಿನ ಕುರ್ಬಾನಿಯ ತ್ಯಾಜ್ಯವನ್ನು ಸರಿಯಾಗಿ ಎತ್ತದಿದ್ದರೆ ನರಳುವವರು ಮೊದಲು ನಾವೇ, ನಮ್ಮದೇ ಬೀದಿಗಳು. ಯಾವ ಬೀದಿಗೆ ಎಷ್ಟು ಗಂಟೆಗೆ ಗಾಡಿ, ಚೀಲ ಎಲ್ಲಿ ಸಿಗುತ್ತದೆ ಎಂಬ ಪಟ್ಟಿಯನ್ನು ಹಬ್ಬಕ್ಕೆ ಒಂದು ವಾರ ಮೊದಲೇ ಮಸೀದಿಗಳ ಬೋರ್ಡಿಗೆ ಹಾಕಿಸುವುದು ಕಾರ್ಪೊರೇಟರಿಗೆ ಕಷ್ಟದ ಕೆಲಸವಲ್ಲ. ಚೀಲಕ್ಕೆ ಕಟ್ಟಿ ಕೊಡುವುದು, ಮೋರಿಗೆ ಬಿಡದಿರುವುದು ನಮ್ಮ ಕೆಲಸ. ಹಾಗೆಯೇ ಗಣೇಶ ಹಬ್ಬಕ್ಕೆ ಯಡಿಯೂರು ಕೆರೆಯ ಬಳಿ ವಿಸರ್ಜನೆಗೆಂದೇ ಕಲ್ಯಾಣಿ ಇದೆ. ಅಲ್ಲಿಗೆ ಬರುವ ಸಾವಿರಾರು ಮೂರ್ತಿಗಳಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನವು ಎಷ್ಟು, ಮಾರುವ ಹೊತ್ತಿನಲ್ಲೇ ತಡೆಯುವವರು ಯಾರು ಎಂಬುದೂ ಅದೇ ಕಾರ್ಪೊರೇಟರಿಗೆ ಕೇಳುವ ಪ್ರಶ್ನೆ. ಎರಡನ್ನೂ ಒಂದೇ ದನಿಯಲ್ಲಿ ಕೇಳಬಲ್ಲವರು ಅಭ್ಯರ್ಥಿಗಳಲ್ಲಿ ಎಷ್ಟು ಜನ ಇದ್ದಾರೋ ನೋಡೋಣ.

ಮರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಜಯನಗರದಲ್ಲಿ ನಡೆದಾಡಿದವರಿಗೆ ಗೊತ್ತಿರುವ ವಿಷಯ. 1980ರ ದಶಕದಲ್ಲಿ ಎಸ್.ಜಿ. ನೇಗಿನಹಾಳ್ ಎಂಬ ಅರಣ್ಯಾಧಿಕಾರಿಯ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟರು. ನಾವು ಇವತ್ತು ನಿಲ್ಲುವ ಎಷ್ಟೋ ನೆರಳು ಆಗಿನದು. 2009ರಲ್ಲಿ ಮೆಟ್ರೊಗಾಗಿ ಆರ್.ವಿ. ರಸ್ತೆಯ ನಡುವಿನ ಲಕ್ಷ್ಮಣರಾವ್ ಉದ್ಯಾನ ಹೋಯಿತು, ಲಾಲ್‌ಬಾಗಿನ ಗೋಡೆ ಒಡೆದರು. ಆಗ ಜನ ಬೀದಿಗಿಳಿದಿದ್ದರು. ಅದೇ ಮೆಟ್ರೊದಲ್ಲಿ ನಾನು ಈಗ ಕಾಲೇಜಿಗೆ ಬರುತ್ತೇನೆ, ಹಾಗಾಗಿ ಇದನ್ನು ಬರೆಯುವಾಗ ನನಗೂ ಸ್ವಲ್ಪ ಇರುಸುಮುರುಸು. ದೊಡ್ಡ ಯೋಜನೆ ಕಾರ್ಪೊರೇಟರ್ ಕೈಯಲ್ಲಿಲ್ಲ, ಒಪ್ಪೋಣ. ಆದರೆ ಫುಟ್‌ಪಾತಿನ ಟೈಲ್ಸನ್ನು ಮರದ ಕಾಂಡಕ್ಕೆ ತಾಗಿಸಿ ಕಾಂಕ್ರೀಟು ಸುರಿಯುವುದು ವಾರ್ಡಿನ ಕಾಮಗಾರಿಯೇ. ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಬೇಕೆಂದು ಹಸಿರು ನ್ಯಾಯಮಂಡಳಿ ದೆಹಲಿಯ ಪ್ರಕರಣವೊಂದರಲ್ಲಿ 2013ರಲ್ಲೇ ಹೇಳಿದೆ. ಉಸಿರು ಕಟ್ಟಿದ ಬೇರು ಕೊಳೆತು ಮಳೆಗಾಲದಲ್ಲಿ ಮರ ಕಾರಿನ ಮೇಲೆ ಬಿದ್ದಾಗ ಎಲ್ಲರೂ ಮರವನ್ನು ಬೈಯುತ್ತಾರೆ. ಇನ್ನೊಂದು ಗೊತ್ತಿರಲಿ: 1976ರ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. 50ಕ್ಕಿಂತ ಹೆಚ್ಚು ಮರಗಳಾದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು.

ನೀರಿನ ವಿಷಯಕ್ಕೆ ಬಂದರೆ, 2024ರ ಮಾರ್ಚ್‌ನಲ್ಲಿ ನಗರದ ಸುಮಾರು 14 ಸಾವಿರ ಸಾರ್ವಜನಿಕ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ಕಾವೇರಿ ಬರುವುದು ಸುಮಾರು 100 ಕಿ.ಮೀ. ದೂರದಿಂದ, ಅದನ್ನು ಕಾರ್ಪೊರೇಟರ್ ಹೆಚ್ಚಿಸಲಾರರು. ಆದರೆ ವಾರ್ಡಿನ ಉದ್ಯಾನ, ಮೈದಾನ, ಸರ್ಕಾರಿ ಶಾಲೆಗಳಲ್ಲಿ ಇಂಗುಬಾವಿ ತೋಡಿಸಬಹುದು. ಮೇಲೆ ಹೇಳಿದ ಆ ಐದೂವರೆ ಲಕ್ಷ ಲೀಟರಿನಲ್ಲಿ ಒಂದು ಪಾಲು ಹೀಗೆ ನೆಲಕ್ಕಿಳಿದರೆ ಮೋರಿಗೂ ಹಗುರ, ಬೋರ್‌ವೆಲ್‌ಗೂ ಆಸರೆ. ಮಳೆನೀರು ಸಂಗ್ರಹಣೆ 2009ರಿಂದ ಹಳೆಯ 60×40, ಹೊಸ 30×40 ನಿವೇಶನಗಳಿಗೆ ಕಡ್ಡಾಯ. ಅದನ್ನು ಹೇಗೆ ಮಾಡಬೇಕೆಂದು ತೋರಿಸಲು ಜಲಮಂಡಳಿ ಜಯನಗರ 5ನೇ ಬ್ಲಾಕಿನಲ್ಲೇ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನಲ್ಲಿ ಒಂದು ಮಳೆನೀರು ಕೊಯ್ಲು ಉದ್ಯಾನ ಮಾಡಿದೆ. ಕಾಲೇಜಿಗೆ ಇಷ್ಟು ಹತ್ತಿರದಲ್ಲಿದ್ದೂ ನಾನು ನೋಡಿದ್ದು ಈ ಲೇಖನಕ್ಕಾಗಿ ಹೋದಾಗಲೇ.

ಫುಟ್‌ಪಾತನ್ನೂ ಪರಿಸರದ ಪಟ್ಟಿಗೆ ಸೇರಿಸುತ್ತೇನೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ರಾಗಿಗುಡ್ಡ, ಜಯದೇವ, ಬಿಟಿಎಂ ಕಡೆಯ ಗೆಳತಿಯರು ಮೆಟ್ರೊದಲ್ಲೇ ಬರಬಹುದು. ಆದರೆ ನಿಲ್ದಾಣದಿಂದ ಮನೆಗೆ ಹತ್ತು ನಿಮಿಷ ನಡೆಯಲು ಜಾಗವಿಲ್ಲವೆಂದು ಅಣ್ಣನ ಸ್ಕೂಟರ್ ಹತ್ತುತ್ತಾರೆ.

ಇಷ್ಟೆಲ್ಲ ಕೇಳುವುದು ಯಾವಾಗ? ಮನೆ ಬಾಗಿಲಿನಲ್ಲಿ ಅವರಿಗೆ ಎರಡು ನಿಮಿಷವೂ ಇರುವುದಿಲ್ಲ. ಆದ್ದರಿಂದ ಮೂರೇ ಪ್ರಶ್ನೆ ಸಾಕು, ಅದೂ ನಮ್ಮ ಬೀದಿಯ ಹೆಸರು ಹಿಡಿದು. ಉತ್ತರ ಕೊಟ್ಟ ದಿನಾಂಕ ಬರೆದಿಟ್ಟುಕೊಳ್ಳೋಣ. ಗೆದ್ದ ಮೇಲೆ ಕೇಳಲು ವಾರ್ಡ್ ಸಮಿತಿ ಎಂಬ ಜಾಗವಿದೆ. "ವಾರ್ಡ್ ಸಮಿತಿ ಸಭೆಯನ್ನು ತಪ್ಪದೆ ಕರೆಯುತ್ತೀರಾ, ನಡಾವಳಿಯನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತೀರಾ?" ಎಂಬುದು ನನ್ನ ಮೂರರಲ್ಲಿ ಒಂದು. ಹೌದೋ ಅಲ್ಲವೋ ಎನ್ನಲು ಬಜೆಟ್ ಬೇಕಾಗಿಲ್ಲ.

17 ತುಂಬಿದವರು ಮತದಾರರ ಪಟ್ಟಿಗೆ ಮುಂಗಡವಾಗಿಯೇ ನಮೂನೆ 6ರಲ್ಲಿ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕುಗಳಲ್ಲಿ ಯಾವುದರ ಹೊತ್ತಿಗೆ 18 ಆಗುತ್ತದೋ ಆಗ ಹೆಸರು ಸೇರುತ್ತದೆ. ಈ ಸಲದ ಮತದಾನಕ್ಕೆ ವಯಸ್ಸು ಸಾಲದವರು ಮನೆಯ ದೊಡ್ಡವರ ಹೆಸರು ಹೊಸ ವಾರ್ಡಿನ ಪಟ್ಟಿಯಲ್ಲಿ ಇದೆಯೇ ಎಂದಾದರೂ ನೋಡಿಕೊಡಿ. ನಮ್ಮ ನಾನಿಯ ಹೆಸರು ಹಳೆಯ ಬಾಡಿಗೆ ಮನೆಯ ವಿಳಾಸದಲ್ಲೇ ಇತ್ತು. ಅಂದಹಾಗೆ ಪಾಲಿಕೆಗೆ ಸ್ಪರ್ಧಿಸಲು 21 ವರ್ಷ ತುಂಬಿದರೆ ಸಾಕು. ನಮ್ಮ ಕ್ಲಾಸಿನಲ್ಲಿ ಇಬ್ಬರು ಈಗಲೇ ಲೆಕ್ಕ ಹಾಕುತ್ತಿದ್ದಾರೆ.

ಪರಿಸರ ಸಂಘದ ನಾವು ಒಂಬತ್ತು ಜನ ನಮ್ಮ ನಮ್ಮ ಬೀದಿಯ ಮೋರಿ ಎಲ್ಲಿಂದ ಶುರುವಾಗಿ ಯಾವ ಕಾಲುವೆಗೆ ಸೇರುತ್ತದೆ ಎಂದು ನಡೆದು ನೋಡಿ ನಕ್ಷೆ ಬರೆಯುತ್ತಿದ್ದೇವೆ. ಮುಚ್ಚಿದ ಕಡೆ, ಚಪ್ಪಡಿ ಇಲ್ಲದ ಕಡೆ, ಶೌಚದ ಪೈಪು ಸೇರಿದ ಕಡೆ ಎಂದು ಮೂರು ಬಣ್ಣದ ಗುರುತು. ಈವರೆಗೆ ಹನ್ನೊಂದು ಬೀದಿ ಆಗಿದೆ. ನಕ್ಷೆ ಗ್ರಂಥಾಲಯದ ಎದುರಿನ ಬೋರ್ಡಿನಲ್ಲಿದೆ, ಪಕ್ಕದಲ್ಲಿ ಪೆನ್ನನ್ನೂ ದಾರ ಕಟ್ಟಿ ಇಟ್ಟಿದ್ದೇವೆ. ನಿಮ್ಮ ಬೀದಿ ಅದರಲ್ಲಿ ಇಲ್ಲದಿದ್ದರೆ ಸೇರಿಸಿ.